ಎರೆಗೊಬ್ಬರ: ಬೀಜಕ್ಕೆ ಹಾಕುವ ಮೊದಲು ಮೂಸಿ ನೋಡಿ

2017ರ ಜೂನ್ ತಿಂಗಳು. ರಾಗಿ ನಾಟಿಗೆಂದು ಒಟ್ಲು ಪಾತಿ ಮಾಡಿದ್ದೆ. ಮನೆಯ ತಿಪ್ಪೆಗೊಬ್ಬರವೆಲ್ಲ ಹೊಲಕ್ಕೆ ಹೋಗಿತ್ತು. ಹೊರಗಿನಿಂದ ಎರೆಗೊಬ್ಬರ ಅಂತ ಹತ್ತು ಚೀಲ ತಂದು, ಪಾತಿಯ ಮೇಲೆ ಎರಡು ಬೆರಳು ದಪ್ಪ ಹರಡಿ, ಬೀಜ ಚೆಲ್ಲಿ, ಕಡ್ಡಿ ಆಡಿಸಿ ನೀರು ಕೊಟ್ಟೆ. ಎರೆಗೊಬ್ಬರ ಜಾಸ್ತಿಯಾದಷ್ಟೂ ಸಸಿ ಚೆನ್ನಾಗಿ ಬರುತ್ತದೆ ಎಂದೇ ನನ್ನ ಲೆಕ್ಕ.

ಐದು ದಿನಕ್ಕೆ ಪಾತಿ ತೇಪೆ ಹಾಕಿದ ಕಂಬಳಿಯಂತೆ ಕಂಡಿತು. ಒಂದು ಕಡೆ ಹಸಿರು, ಇನ್ನೊಂದು ಕಡೆ ಬರೀ ಗೊಬ್ಬರ. ಹುಟ್ಟಿದ್ದೂ ಹಳದಿ ತಿರುಗಿ ನಿಂತಲ್ಲೇ ನಿಂತಿತು. ಕಿತ್ತು ನೋಡಿದರೆ ಬೇರಿನ ತುದಿ ಕಂದು. ನಮ್ಮವ್ವ ಪಾತಿ ಹತ್ತಿರ ಕೂತು ಒಂದು ಹಿಡಿ ಗೊಬ್ಬರ ತೆಗೆದು ಮೂಗಿಗೆ ಹಿಡಿದಳು. "ಇದು ಇನ್ನೂ ಗಂಜಲ ನಾರ್ತೈತೆ ಕಣಪ್ಪಾ. ಹಸಿ ಗೊಬ್ಬರ ಬೇರು ಸುಡ್ತೈತೆ ಅಂತ ಗೊತ್ತಿದ್ದೂ ಹಾಕ್ದೆಯಲ್ಲೋ" ಅಂದಳು.

ಪುನರ್ವಸು ಮಳೆ ಆ ವರ್ಷ ನಮ್ಮ ಹೊಲಕ್ಕೆ ಚೆನ್ನಾಗೇ ಬಂತು. ಹೊಲ ಹದವಾಗಿತ್ತು, ಆಳು ಸಿಕ್ಕಿದ್ದರು, ನಾಟಿ ಮಾಡಲು ಸಸಿ ಮಾತ್ರ ಇರಲಿಲ್ಲ. ಪಕ್ಕದ ಊರಿನಿಂದ ಸಸಿ ಕೇಳಿ ತಂದು ಅರ್ಧ ಹೊಲ ನಾಟಿ ಮಾಡಿದೆ. ಉಳಿದರ್ಧಕ್ಕೆ ಹುರುಳಿ ಚೆಲ್ಲಿದೆ. ಖುಷ್ಕಿಯವನಿಗೆ ಹದ ಒಂದೇ ಸಲ ಸಿಗುವುದು. ಆ ಹದದಲ್ಲಿ ಬೀಜ ಕೈಕೊಟ್ಟರೆ ವರ್ಷದ ಊಟವೇ ಕೈಕೊಟ್ಟಂತೆ.

ಆವತ್ತಿನಿಂದ ಎರೆಗೊಬ್ಬರದ ವಿಷಯ ಕೇಳಿ, ಓದಿ, ಮನೆಯಲ್ಲೇ ತಟ್ಟೆ ಇಟ್ಟು ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎರೆಗೊಬ್ಬರ ಕೆಟ್ಟದ್ದು ಅಂತ ಹೇಳಲು ಅಲ್ಲ. ಈಗ ನಮ್ಮ ಮನೆಯಲ್ಲಿ ಎರಡು ಎರೆಗುಂಡಿ ಇವೆ. ಒಳ್ಳೆಯ ವಸ್ತುವನ್ನು ತಪ್ಪಾಗಿ ಬಳಸಿದರೆ ಏನಾಗುತ್ತದೆ ಎಂದು ಹೇಳಲು ಇದು.

ಬೀಜಕ್ಕೆ ಬೇಕಾದ್ದೇನು?

ಮೊದಲು ಒಂದು ಮಾತು ತಿಳಿದಿರಬೇಕು. ಬೀಜ ಮೊಳೆಯಲು ಗೊಬ್ಬರ ಬೇಡ. ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಬೀಜದೊಳಗೇ ಇರುತ್ತದೆ. ಅದಕ್ಕೆ ಬೇಕಾದ್ದು ಮೂರೇ: ತೇವ, ಗಾಳಿ, ಹದವಾದ ಬಿಸಿ. ಬೀಜ ನೀರು ಕುಡಿದು ಊದಿಕೊಳ್ಳುತ್ತದೆ. ಮೊದಲು ಬೇರು ಇಳಿಯುತ್ತದೆ, ಆಮೇಲೆ ಮೊಳಕೆ ಮೇಲೆ ಬರುತ್ತದೆ. ಎಲೆ ಬಿಚ್ಚಿ ಬೇರು ಹರಡುವ ತನಕ ಆ ಬುತ್ತಿಯೇ ಊಟ. ಅದು ಮುಗಿಯುವ ಹೊತ್ತಿಗೆ ಬೇರಿನ ಬಳಿ ಆಹಾರ ಇರಬೇಕು.

ಹಾಗಾಗಿ ಸತ್ತ ಬೀಜವನ್ನು ಯಾವ ಗೊಬ್ಬರವೂ ಬದುಕಿಸುವುದಿಲ್ಲ. ಹುಳ ಕೊರೆದ, ಬೂಷ್ಟು ಹಿಡಿದ, ಹಳೆಯ ಬೀಜಕ್ಕೆ ಎರೆಗೊಬ್ಬರ ಮದ್ದಲ್ಲ. ಪ್ರಮಾಣಿತ ಬೀಜಕ್ಕೆ ಸರ್ಕಾರವೇ ಕನಿಷ್ಠ ಮೊಳಕೆ ಇಷ್ಟಿರಬೇಕು ಎಂದು ಗೊತ್ತುಮಾಡಿದೆ. ರಾಗಿ, ಜೋಳ, ತೊಗರಿಗೆ ನೂರಕ್ಕೆ 75. ಕಡಲೆಕಾಯಿ, ಟೊಮೆಟೊ, ಬದನೆಗೆ 70. ಮೆಣಸಿನಕಾಯಿಗೆ 60. ಮನೆಯ ಬೀಜವಾದರೂ ಇಷ್ಟು ಬರುತ್ತದೆಯೇ ಎಂದು ಒದ್ದೆ ಗೋಣಿಚೀಲದಲ್ಲಿ ನೂರು ಕಾಳು ಎಣಿಸಿಟ್ಟು ನೋಡಿ. ಗೊಬ್ಬರದ ಮಾತು ಆಮೇಲೆ.

ಹಾಗಾದರೆ ಎರೆಗೊಬ್ಬರ ಮಾಡುವುದೇನು?

ನಾನು ಕಂಡಂತೆ, ತಿಳಿದವರು ಹೇಳಿದಂತೆ, ನಾಲ್ಕು ಕೆಲಸ.

ಒಂದು, ತೇವ ಹಿಡಿಯುವುದು. ಎರೆಹುಳುವಿನ ಹಿಕ್ಕೆ ಸಣ್ಣ ಸಣ್ಣ ಕಾಳು. ಕಾಳಿನೊಳಗೆ ನೀರು ನಿಲ್ಲುತ್ತದೆ, ಕಾಳು ಕಾಳಿನ ನಡುವೆ ಗಾಳಿ ಆಡುತ್ತದೆ. ಬೀಜಕ್ಕೆ ಎರಡೂ ಒಟ್ಟಿಗೆ ಸಿಗುತ್ತದೆ. ಬಿತ್ತಿದ ಮೇಲೆ ಮಳೆ ನಾಲ್ಕು ದಿನ ತಡೆದರೆ ಈ ತೇವವೇ ಬೀಜವನ್ನು ಕಾಯುವುದು.

ಎರಡು, ಮಣ್ಣು ಹೆಪ್ಪುಗಟ್ಟುವುದನ್ನು ತಡೆಯುವುದು. ನಮ್ಮ ಶಿರಾ, ಪಾವಗಡ ಕಡೆಯ ಕೆಂಪು ಮಣ್ಣು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತಿದ ಮಾರನೆ ದಿನ ಜೋರು ಮಳೆ ಬಿದ್ದು, ಆಮೇಲೆ ಬಿಸಿಲು ಕಾದರೆ ಮೇಲುಮಣ್ಣು ಹಪ್ಪಳ ಆಗುತ್ತದೆ. ರಾಗಿಯ ಮೊಳಕೆ ಅದನ್ನು ಸೀಳಿ ಬರಲಾರದೆ ಒಳಗೇ ಮುರುಟಿ ಸಾಯುತ್ತದೆ. ಸಾಲಿನಲ್ಲಿ ಎರೆಗೊಬ್ಬರ ಬಿದ್ದ ಕಡೆ ಆ ಹಪ್ಪಳ ಬಿರುಕು ಬಿಡುತ್ತದೆ, ಮೊಳಕೆಗೆ ದಾರಿ ಸಿಗುತ್ತದೆ. ಖುಷ್ಕಿಯಲ್ಲಿ ಎರೆಗೊಬ್ಬರದ ದೊಡ್ಡ ಉಪಕಾರ ಇದೇ ಎಂದು ನನ್ನ ಅನಿಸಿಕೆ.

ಮೂರು, ಒಳ್ಳೆಯ ಸೂಕ್ಷ್ಮಜೀವಿಗಳು. ಹುಳುವಿನ ಹೊಟ್ಟೆಯಿಂದ ಹಾದು ಬಂದ ಗೊಬ್ಬರದಲ್ಲಿ ಇವು ತುಂಬಿರುತ್ತವೆ. ಸಸಿಯ ಬುಡ ಕೊಳೆಸುವ ಶಿಲೀಂಧ್ರಕ್ಕೆ ಜಾಗ ಕೊಡುವುದಿಲ್ಲ. ಆದರೆ ಪಾತಿಯಲ್ಲಿ ನೀರು ನಿಲ್ಲಿಸಿ, ಬೀಜ ಒತ್ತಾಗಿ ಚೆಲ್ಲಿ, ಎರೆಗೊಬ್ಬರ ಕಾಪಾಡಲಿ ಅಂದರೆ ಅದು ಕಾಪಾಡುವುದಿಲ್ಲ.

ನಾಲ್ಕು, ಬೇರಿಗೆ ಚುರುಕು. ಮಾಗಿದ ಎರೆಗೊಬ್ಬರದಲ್ಲಿ ಹ್ಯೂಮಿಕ್ ಆಮ್ಲವೂ, ಗಿಡದ ಬೆಳವಣಿಗೆಗೆ ಚೋದನೆ ಕೊಡುವ ಪದಾರ್ಥಗಳೂ ಇವೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ಸ್ವಲ್ಪ ಹಾಕಿದರೂ ಕವಲು ಬೇರು ಜಾಸ್ತಿ ಬರುವುದು ಇದರಿಂದ.

ಎರೆಹುಳು ಮಣ್ಣನ್ನು ಹೇಗೆ ಹದ ಮಾಡುತ್ತದೆ ಎಂದು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ 1881ರಲ್ಲೇ ಪುಸ್ತಕ ಬರೆದರು. ನಮ್ಮಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಕಾಳೆ ಅವರು ಎರೆಹುಳುವಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಎರೆಗೊಬ್ಬರ ನಮ್ಮ ರೈತರ ಬಾಯಲ್ಲಿ ಬಂದದ್ದರಲ್ಲಿ ಅವರ ಪಾಲು ದೊಡ್ಡದು.

ಜಾಸ್ತಿ ಹಾಕಿದರೆ ಜಾಸ್ತಿ ಲಾಭವೇ?

ಇಲ್ಲ. ನಾನು ಎಡವಿದ್ದು ಇಲ್ಲೇ. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಎಡ್ವರ್ಡ್ಸ್ ಅವರ ತಂಡ 2000ರ ಆಸುಪಾಸಿನಲ್ಲಿ ಟೊಮೆಟೊ, ಚೆಂಡುಹೂವಿನ ಸಸಿಗಳನ್ನು ಬೇರೆ ಬೇರೆ ಪ್ರಮಾಣದ ಎರೆಗೊಬ್ಬರದಲ್ಲಿ ಬೆಳೆಸಿ ನೋಡಿತು. ಕುಂಡದ ಮಿಶ್ರಣದಲ್ಲಿ ನೂರಕ್ಕೆ 10ರಿಂದ 20 ಪಾಲು ಎರೆಗೊಬ್ಬರ ಇದ್ದಾಗಲೇ ಒಳ್ಳೆಯ ಫಲ. ಪೂರ್ತಿ ಎರೆಗೊಬ್ಬರವೇ ತುಂಬಿದಾಗ ಟೊಮೆಟೊ ಸಸಿ ಕುಗ್ಗಿತು.

ಕಾರಣ ಕಷ್ಟದ್ದಲ್ಲ. ಎರೆಗೊಬ್ಬರದಲ್ಲಿ ಲವಣಾಂಶ ಇರುತ್ತದೆ. ಅದು ಹೆಚ್ಚಾದರೆ ಬೀಜ ನೀರು ಕುಡಿಯಲಾರದು. ಉಪ್ಪಿನಕಾಯಿ ಜಾಡಿಯಲ್ಲಿ ಮಾವಿನಕಾಯಿ ಹೋಳು ಮುರುಟಿದ ಹಾಗೆ ಎಳೆ ಬೇರು ಮುರುಟುತ್ತದೆ. ಇನ್ನು ಅರೆಬೆಂದ ಗೊಬ್ಬರವಾದರೆ ಅಮೋನಿಯವೂ, ಹುಳಿ ಪದಾರ್ಥಗಳೂ ಸೇರಿ ಬೇರು ಸುಡುತ್ತವೆ. ನನ್ನ ಒಟ್ಲಿನಲ್ಲಿ ಎರಡೂ ಸೇರಿದ್ದವು: ಗೊಬ್ಬರ ಹಸಿ, ಪ್ರಮಾಣ ವಿಪರೀತ.

ಮಾಗಿದೆಯೋ ಇಲ್ಲವೋ? ಐದು ಪರೀಕ್ಷೆ

1. ಮೂಗು. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಗಂಜಲ, ಸಗಣಿ, ಕೊಳೆತ ವಾಸನೆ ಇದ್ದರೆ ಮಾಗಿಲ್ಲ.

2. ಕೈ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಜಿನುಗಬಾರದು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಎಲೆ, ಕಡ್ಡಿ, ಸಗಣಿ ಹೆಂಟೆ ಗುರುತು ಸಿಗಬಾರದು.

3. ಬಿಸಿ. ರಾಶಿಯ ಮಧ್ಯಕ್ಕೆ ಕೈ ಹಾಕಿ. ಬೆಚ್ಚಗಿದ್ದರೆ ಇನ್ನೂ ಕೊಳೆಯುತ್ತಿದೆ ಎಂದರ್ಥ.

4. ಪ್ಲಾಸ್ಟಿಕ್ ಕವರು. ಎರಡು ಹಿಡಿ ಒದ್ದೆ ಗೊಬ್ಬರ ಕವರಿಗೆ ತುಂಬಿ, ಬಾಯಿ ಬಿಗಿದು ಮೂರು ದಿನ ನೆರಳಲ್ಲಿಡಿ. ಬಿಚ್ಚಿದಾಗ ನಾರಿದರೆ ಬೀಜಕ್ಕೆ ಹಾಕಬೇಡಿ.

5. ತಟ್ಟೆ. ನನಗೆ ಹೆಚ್ಚು ನಂಬಿಕೆ ಇದರ ಮೇಲೆ. ಒಂದು ಲೋಟ ಗೊಬ್ಬರಕ್ಕೆ ಹತ್ತು ಲೋಟ ನೀರು ಹಾಕಿ ಕಲಕಿ ರಾತ್ರಿ ಇಡಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಎರಡು ತಟ್ಟೆಗೆ ಹತ್ತಿ ಬಟ್ಟೆ ಹಾಸಿ, ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಸೋಸಿದ ನೀರು ಚಿಮುಕಿಸಿ. ಎರಡರಲ್ಲೂ ನೂರು ನೂರು ರಾಗಿ ಕಾಳು ಹರಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಡಿ. ನಾಲ್ಕನೆ ದಿನ ಒಮ್ಮೆ, ಎಂಟನೆ ದಿನ ಒಮ್ಮೆ ಎಣಿಸಿ. ಬರೀ ಮೊಳಕೆ ಎಣಿಸಿದರೆ ಸಾಲದು, ಬೇರಿನ ಉದ್ದವನ್ನೂ ಹೋಲಿಸಿ. ಗೊಬ್ಬರದ ನೀರಿನ ತಟ್ಟೆಯಲ್ಲಿ ಬೇರು ಗಿಡ್ಡವಾಗಿದ್ದರೆ, ತುದಿ ಕಂದಾಗಿದ್ದರೆ ಗೊಬ್ಬರ ಕಚ್ಚಾ ಇದೆ, ಇಲ್ಲವೇ ಲವಣ ಹೆಚ್ಚಿದೆ. ನೆರಳಲ್ಲಿ ಹರಡಿ, ತೇವ ಮಾಡುತ್ತ ಎರಡು ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿ.

2017ರ ಚೀಲದಲ್ಲಿ ಉಳಿದಿದ್ದ ಗೊಬ್ಬರವನ್ನು ಆಮೇಲೆ ಹೀಗೆ ತಟ್ಟೆಗಿಟ್ಟು ನೋಡಿದೆ. ಅರ್ಧಕ್ಕರ್ಧ ಕಾಳು ಬಾಯಿ ಬಿಟ್ಟು ಅಲ್ಲೇ ನಿಂತವು. ಎಂಟು ದಿನದ ಈ ಕೆಲಸವನ್ನು ಮೊದಲೇ ಮಾಡಿದ್ದರೆ ಸಸಿ ಉಳಿಯುತ್ತಿತ್ತು. ಅದೇ ಗೊಬ್ಬರ ಎರಡು ತಿಂಗಳು ಹುಣಸೆ ಮರದಡಿ ಬಿದ್ದಿದ್ದು, ಆಮೇಲೆ ಅವರೆ ಸಾಲಿಗೆ ಹಾಕಿದಾಗ ಏನೂ ತೊಂದರೆ ಮಾಡಲಿಲ್ಲ. ಗೊಬ್ಬರ ಕೆಟ್ಟದ್ದಲ್ಲ, ಕಾಲ ಬಂದಿರಲಿಲ್ಲ ಅಷ್ಟೆ.

ಎಷ್ಟು ಹಾಕಬೇಕು?

ಒಟ್ಲು ಪಾತಿಗೆ: ಮೇಲಿನ ಮೂರು ಬೆರಳು ಮಣ್ಣಿಗೆ ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಎರಡು ಪಾಲು ಎರೆಗೊಬ್ಬರ ಬೆರೆಸಿ. ಬೆರೆಸಬೇಕು, ಹಾಸಬಾರದು. ಬೀಜ ಚೆಲ್ಲಿದ ಮೇಲೆ ಮುಚ್ಚಲು ಜರಡಿ ಹಿಡಿದ ಮಣ್ಣು, ಗೊಬ್ಬರ ಮಿಶ್ರಣ ತೆಳ್ಳಗೆ ಉದುರಿಸಿದರೆ ಸಾಕು.

ಮೆಣಸಿನಕಾಯಿ, ಟೊಮೆಟೊ ಸಸಿಯ ಚೀಲಕ್ಕೆ: ಎಂಟು ಪಾಲು ಮಣ್ಣು ಮರಳು, ಎರಡು ಪಾಲು ಎರೆಗೊಬ್ಬರ.

ಕೂರಿಗೆ ಬಿತ್ತನೆಗೆ: ಲೆಕ್ಕ ಗುಂಟೆಯಿಂದ ಹಾಕೋಣ. ಗುಂಟೆ ಎಂದರೆ 33 ಅಡಿಗೆ 33 ಅಡಿ. ಅಡಿಗೊಂದು ಸಾಲಾದರೆ 33 ಸಾಲು, ಒಟ್ಟು 1,089 ಅಡಿ ಉದ್ದ. ಅಡಿಗೆ 5 ಗ್ರಾಂ, ಅಂದರೆ ಒಂದು ಚಿಟಿಕೆ ಉದುರಿಸಿದರೆ ಗುಂಟೆಗೆ ಸುಮಾರು ಐದೂವರೆ ಕಿಲೊ. ಎಕರೆಗೆ 40 ಗುಂಟೆ, ಸುಮಾರು 220 ಕಿಲೊ. ಇದನ್ನು ಹೊಲಕ್ಕೆಲ್ಲ ಎರಚಿದರೆ ಎಲ್ಲಿ ಹೋಯಿತು ಎಂದೇ ತಿಳಿಯದು. ಬೀಜದ ಸಾಲಿಗೇ ಬಿದ್ದರೆ ಕೆಲಸ ಮಾಡುತ್ತದೆ. ಸಾಲಿಗೆ ಗೊಬ್ಬರ ಬಿಡಲು ಇನ್ನೊಂದು ಆಳು ಬೇಕು. ಆಳು ಸಿಗದ ವರ್ಷ ನಾನು 5 ಕಿಲೊ ರಾಗಿ ಬೀಜಕ್ಕೆ 15 ಕಿಲೊ ಜರಡಿ ಹಿಡಿದ ಗೊಬ್ಬರ ಬೆರೆಸಿ ಕೂರಿಗೆಗೆ ಬಿಡುತ್ತೇನೆ. ರಾಗಿ ಸಣ್ಣ ಕಾಳಾದ್ದರಿಂದ ಕೈಯಿಂದ ಸಮನಾಗಿ ಇಳಿಯಲೂ ಇದು ಅನುಕೂಲ. ಗೊಬ್ಬರ ತೇವವಾಗಿದ್ದರೆ ಕೂರಿಗೆ ಕೊಳವೆ ಕಟ್ಟಿಕೊಳ್ಳುತ್ತದೆ. ಬಿತ್ತುವ ಹಿಂದಿನ ದಿನ ನೆರಳಲ್ಲಿ ಹರಡಿ ಪುಡಿಪುಡಿ ಮಾಡಿಕೊಳ್ಳಬೇಕು.

ಗುಳಿ ರಾಗಿಗೆ: ಒಂದೂವರೆ ಅಡಿ ಅಂತರದಲ್ಲಿ ಎಕರೆಗೆ ಸುಮಾರು 19,000 ಗುಳಿ ಬರುತ್ತದೆ. ಗುಳಿಗೆ 20 ಗ್ರಾಂ ಅಂದರೂ 380 ಕಿಲೊ. ಗೊಬ್ಬರ ಮಣ್ಣಿನ ಜೊತೆ ಕೈಯಾಡಿಸಿ ಸಸಿ ಊರಿ.

ಅಕ್ಕಡಿ ಸಾಲಿನ ಅವರೆ, ತೊಗರಿಗೆ: ಸಡ್ಡೆಯಲ್ಲಿ ಬೀಜ ಬಿಡುವವರು ಬೀಜದ ಜೊತೆಗೆ ಅಷ್ಟೇ ತೂಕದ ಗೊಬ್ಬರ ಬೆರೆಸಿಕೊಂಡರೆ ಸಾಕು.

ಒಂದು ಎಚ್ಚರಿಕೆ. ಯೂರಿಯಾವನ್ನು ಬೀಜಕ್ಕೂ, ಬೀಜಕ್ಕೆ ಬೆರೆಸುವ ಎರೆಗೊಬ್ಬರಕ್ಕೂ ಸೇರಿಸಬೇಡಿ. ಎಳೆ ಬೇರು ಸುಡುತ್ತದೆ.

ಬೀಜೋಪಚಾರದಲ್ಲಿ

ಖುಷ್ಕಿ ರಾಗಿಗೆ ಬೀಜ ಗಟ್ಟಿ ಮಾಡುವ ಕ್ರಮ ಒಂದಿದೆ. ಒಂದು ಕಿಲೊ ಬೀಜವನ್ನು ಒಂದು ಲೀಟರ್ ನೀರಲ್ಲಿ ಆರು ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಎರಡು ದಿನ ಕಟ್ಟಿಡಬೇಕು. ಮೊಳಕೆಯ ಬಿಳಿ ಚುಕ್ಕೆ ಕಂಡ ಕೂಡಲೇ ನೆರಳಲ್ಲಿ ಹರಡಿ ಎರಡು ದಿನ ಒಣಗಿಸಬೇಕು. ಹೀಗೆ ಮಾಡಿದ ಬೀಜ ಬೇಗ ಹುಟ್ಟುತ್ತದೆ, ಮಳೆ ತಡವಾದರೂ ತಡೆದುಕೊಳ್ಳುತ್ತದೆ. ನೀರಿನ ಬದಲು ಹತ್ತು ಪಾಲು ನೀರು ಬೆರೆಸಿದ ಎರೆಜಲದಲ್ಲೂ ನೆನೆಸಿ ನೋಡಿದೆ. ಎರಡಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ನನಗೆ ಸಿಗಲಿಲ್ಲ. ಎರೆಜಲ ಇದ್ದರೆ ಮಾಡಿ, ಇಲ್ಲದಿದ್ದರೆ ಅದಕ್ಕಾಗಿ ದುಡ್ಡು ಕೊಡಬೇಡಿ.

ಕಡಲೆಕಾಯಿ ಬೀಜವನ್ನು ನೆನೆಸಬಾರದು. ಸಿಪ್ಪೆ ಸುಲಿದು ಬೇಳೆ ಒಡೆಯುತ್ತದೆ. ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ ಅನ್ನು ಬೀಜಕ್ಕೆ ಹಗುರವಾಗಿ ಸವರಿ, ಅದರ ಮೇಲೆ ನಯವಾದ ಎರೆಗೊಬ್ಬರದ ಪುಡಿ ಉದುರಿಸಿ, ನೆರಳಲ್ಲಿ ಆರಿಸಿ ಅವತ್ತೇ ಬಿತ್ತಿ. ಉಜ್ಜಬೇಡಿ.

ನಾವೇ ಮಾಡಿಕೊಳ್ಳುವುದೇ ಒಳ್ಳೆಯದು

ಇನ್ನೂರು ಕಿಲೊ ಗೊಬ್ಬರಕ್ಕೆ ದೊಡ್ಡ ಶೆಡ್ಡು ಬೇಡ. ಹತ್ತು ಅಡಿ ಉದ್ದ, ಮೂರಡಿ ಅಗಲ, ಎರಡಡಿ ಎತ್ತರದ ತೊಟ್ಟಿ, ಮೇಲೆ ತೆಂಗಿನ ಗರಿ ನೆರಳು ಇದ್ದರೆ ಆಯಿತು. ಸಗಣಿ, ಹೊಂಗೆ ಎಲೆ, ಗ್ಲಿರಿಸಿಡಿಯಾ ಸೊಪ್ಪು, ಅವರೆ ತೊಗರಿ ಹೊಟ್ಟು ಯಾವುದಾದರೂ ಆಗುತ್ತದೆ. ಹೊರಗೆ 15ರಿಂದ 20 ದಿನ ಕೊಳೆಸಿ, ಬಿಸಿ ಆರಿದ ಮೇಲೆಯೇ ಹುಳು ಬಿಡಬೇಕು. ಬಿಸಿಯಲ್ಲಿ ಬಿಟ್ಟರೆ ಹುಳು ಸಾಯುತ್ತದೆ, ಇಲ್ಲವೇ ಓಡಿಹೋಗುತ್ತದೆ. ಗೋಣಿಚೀಲ ಮುಚ್ಚಿ ತೇವ ಕಾಯಿರಿ. ಬೇಸಿಗೆಯಲ್ಲಿ ತೊಟ್ಟಿ ತಂಪಾಗಿಡುವುದೇ ನಮ್ಮ ಕಡೆಯವರಿಗೆ ದೊಡ್ಡ ಕೆಲಸ. ಇರುವೆ, ಇಲಿ, ಕೋಳಿ ಬಾರದಂತೆ ನೋಡಿಕೊಳ್ಳಿ. ತೊಟ್ಟಿಯ ಸುತ್ತ ಸಣ್ಣ ನೀರಿನ ಕಾಲುವೆ ಇದ್ದರೆ ಇರುವೆ ದಾಟುವುದಿಲ್ಲ.

ಎರಡು ತಿಂಗಳಿಗೆ ಗೊಬ್ಬರ ಸಿದ್ಧ. ನಾಲ್ಕೈದು ದಿನ ನೀರು ನಿಲ್ಲಿಸಿ, ಗೊಬ್ಬರವನ್ನು ಗುಡ್ಡೆ ಮಾಡಿ. ಹುಳು ಬುಡಕ್ಕೆ ಇಳಿಯುತ್ತದೆ, ಮೇಲಿನದು ತೆಗೆದು ಜರಡಿ ಹಿಡಿಯಿರಿ. ಬಿಸಿಲಲ್ಲಿ ಗರಿಗರಿ ಒಣಗಿಸಬಾರದು, ಜೀವ ಹೋಗುತ್ತದೆ. ನೂರಕ್ಕೆ 15ರಿಂದ 25 ತೇವ ಇರಬೇಕು ಎಂದು ಸರ್ಕಾರದ ಗೊಬ್ಬರ ನಿಯಮವೂ ಹೇಳುತ್ತದೆ. ಪುನರ್ವಸು ಮಳೆಗೆ ಬೇಕೆಂದರೆ ಯುಗಾದಿ ಕಳೆದ ಕೂಡಲೇ ತೊಟ್ಟಿ ತುಂಬಬೇಕು. ಮಾಗಲು, ತಟ್ಟೆ ಪರೀಕ್ಷೆ ಮಾಡಲು ಆಗ ಸಮಯ ಇರುತ್ತದೆ.

ಇನ್ನೊಂದು ವಿಷಯ. ಎರೆತೊಟ್ಟಿ ಬಿಸಿಯೇರದ ಕಾರಣ ಕಳೆ ಬೀಜ ಅದರಲ್ಲಿ ಸಾಯುವುದಿಲ್ಲ. ಬೀಜ ಕಟ್ಟಿದ ಕಾಂಗ್ರೆಸ್ ಗಿಡ, ಅಣ್ಣೆಸೊಪ್ಪು ಹಾಕಿದರೆ ನಿಮ್ಮ ರಾಗಿ ಸಾಲಿಗೆ ನೀವೇ ಕಳೆ ಬಿತ್ತಿದಂತೆ. ಹೂವಾಗುವ ಮೊದಲೇ ಕಿತ್ತು ಹಾಕಿ.

ಇದರಿಂದ ಆಗದ್ದು

ಎಕರೆಗೆ 200 ಕಿಲೊ ಎರೆಗೊಬ್ಬರ ಹಾಕಿ ಇನ್ನೇನೂ ಬೇಡ ಅನ್ನುವವರಿದ್ದಾರೆ. ಲೆಕ್ಕ ಹಾಕೋಣ. ಎರೆಗೊಬ್ಬರದಲ್ಲಿ ಸಾರಜನಕ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಒಂದೂವರೆ. 200 ಕಿಲೊದಲ್ಲಿ ಎರಡು ಮೂರು ಕಿಲೊ. ಮಳೆ ಆಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಎಕರೆಗೆ ಸುಮಾರು 20 ಕಿಲೊ. ಉಳಿದದ್ದು ಎಲ್ಲಿಂದ ಬರಬೇಕು? ತಿಪ್ಪೆಗೊಬ್ಬರ, ಕುರಿ ಮಂದೆ, ಅಕ್ಕಡಿಯ ದ್ವಿದಳ, ಬದುವಿನ ಸೊಪ್ಪು ಇದ್ದೇ ಇರಬೇಕು. ಎರೆಗೊಬ್ಬರ ಮಗುವಿಗೆ ಕೊಡುವ ಮೊದಲ ತುತ್ತು ಇದ್ದಂತೆ. ವರ್ಷದ ಊಟವೆಲ್ಲ ಅದೇ ಅಂದುಕೊಂಡರೆ ಪೈರು ಸೊರಗುತ್ತದೆ.

ನಂಬುವ ಮೊದಲು ಮಾಡಿ ನೋಡಿ

ನನ್ನ ಮಾತನ್ನೂ ನಂಬಬೇಡಿ. ಈ ವರ್ಷ ಹೊಲದ ಒಂದು ಮೂಲೆಯಲ್ಲಿ ಎರಡು ಗುಂಟೆ ಬಿಡಿ. ಒಂದು ಗುಂಟೆಗೆ ಎರೆಗೊಬ್ಬರದ ಸಾಲು, ಇನ್ನೊಂದಕ್ಕೆ ಬರೀ ಬೀಜ. ಅದೇ ಬೀಜ, ಅದೇ ದಿನ. ಎಂಟನೆ ದಿನ ಎರಡರಲ್ಲೂ ಹತ್ತು ಹತ್ತು ಅಡಿ ಸಾಲು ಅಳೆದು ಪೈರು ಎಣಿಸಿ. ಇಪ್ಪತ್ತನೆ ದಿನ ನಾಲ್ಕು ಪೈರು ಬೇರು ಸಮೇತ ಕಿತ್ತು ಪಕ್ಕ ಪಕ್ಕ ಇಟ್ಟು ನೋಡಿ. ಕೊಯ್ಲಿನಲ್ಲಿ ಬೇರೆ ಬೇರೆ ಬಡಿದು ತೂಗಿ. ನಿಮ್ಮ ಮಣ್ಣಿಗೆ ಲಾಭ ಇದೆಯೋ ಇಲ್ಲವೋ ನಿಮ್ಮ ತಕ್ಕಡಿಯೇ ಹೇಳುತ್ತದೆ.

ನಮ್ಮ ಮನೆಯಲ್ಲಿ ಈಗ ಗೊಬ್ಬರ ಯಾವುದೇ ಬರಲಿ, ಮೊದಲು ಅವ್ವನ ಮೂಗಿಗೆ ಹೋಗಬೇಕು, ಆಮೇಲೆ ತಟ್ಟೆಗೆ. ಎರಡರಲ್ಲೂ ಪಾಸಾದರೆ ಹೊಲಕ್ಕೆ. ಬೇರೆ ಮಣ್ಣಿನಲ್ಲಿ, ಬೇರೆ ಬೆಳೆಯಲ್ಲಿ ಎಣಿಸಿ ನೋಡಿದವರು ಇದ್ದರೆ ಪತ್ರಿಕೆಗೆ ಬರೆಯಿರಿ. ಹುಟ್ಟಿದ್ದನ್ನೂ ಬರೆಯಿರಿ, ಹುಟ್ಟದ್ದನ್ನೂ ಬರೆಯಿರಿ. ಒಬ್ಬರು ಕಳೆದುಕೊಂಡ ಹದ ಇನ್ನೊಬ್ಬರಿಗಾದರೂ ಉಳಿಯಲಿ.